ಬೆಂಕಿಪುರದ ಅಂಗಳದಲ್ಲಿ ಬಣ್ಣದ ಬೆಂಕಿ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಂಕಿ ಮಹರ್ಷಿಯ ವಂಕಿಪುರ ಜನರ ಬಾಯಲ್ಲಿ ಬೆಂಕಿಪುರವಾಯಿತು ಎನ್ನುತ್ತಾರೆ. 1923ರಲ್ಲಿ ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಾಗ ಆ ಹಳೆ ಹೆಸರಿಗೂ ಒಂದು ಅರ್ಥ ಬಂತು. ಅದೇ ವರ್ಷ ಅಮೆರಿಕದ ಡ್ಯುಪಾಂಟ್ ಕಂಪನಿ ಮೋಟಾರು ಗಾಡಿಗಳಿಗೆಂದು ಬೇಗ ಒಣಗುವ ‘ಡ್ಯುಕೊ’ ಬಣ್ಣ ತಂದಿತು. ಸ್ಪ್ರೇ ಗನ್ನಿನಲ್ಲಿ ಹೊಡೆಯುವ ಯಾವ ಬಣ್ಣಕ್ಕೂ ನಮ್ಮ ಗ್ಯಾರೇಜಿನ ಹಳಬರು ‘ಡುಕೊ’ ಎನ್ನುವುದು ಅದರಿಂದಲೇ. ಕಬ್ಬಿಣ ಕರಗಿಸುವ ಬೆಂಕಿಗೂ ಕಬ್ಬಿಣದ ಮೇಲೆ ಬೆಂಕಿ ಬರೆಯುವ ಬಣ್ಣಕ್ಕೂ ಒಂದೇ ವಯಸ್ಸು.

ಡಿಸೆಂಬರಿನ ಒಂದು ಭಾನುವಾರ ನ್ಯೂಟೌನಿನ ಮನೆಯಂಗಳದಲ್ಲಿ ನನ್ನ ಅಣ್ಣನ ಮಗ ಬೈಕಿನ ಪೆಟ್ರೋಲ್ ಟ್ಯಾಂಕ್ ಬಿಚ್ಚಿ, ಖಾಲಿ ಮಾಡಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿದ್ದ. ಕಪ್ಪು ಟ್ಯಾಂಕಿನ ಮೇಲೆ ಜ್ವಾಲೆ ಬರೆಯಬೇಕು. ರೇಡಿಯಂ ಅಂಗಡಿಯಲ್ಲಿ ಕತ್ತರಿಸಿ ಕೊಡುವ ಸ್ಟಿಕ್ಕರ್ ಅವನಿಗೆ ಬೇಡ. “ಅದು ಎಲ್ಲರ ಗಾಡೀಲೂ ಇರುತ್ತೆ ಚಿಕ್ಕಪ್ಪ” ಎಂದ.

ಗಾಡಿಗೆ ಜ್ವಾಲೆ ಬರೆಯುವ ಚಾಳಿಯನ್ನು ಜಗತ್ತಿಗೆ ಹಬ್ಬಿಸಿದವರು ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದಲ್ಲಿ ಹಳೆ ಫೋರ್ಡ್ ಕಾರುಗಳನ್ನು ಬಿಚ್ಚಿ ಕಟ್ಟುತ್ತಿದ್ದ ಹುಡುಗರು. ‘ವಾನ್ ಡಚ್’ ಎಂಬ ಹೆಸರಿನಲ್ಲಿ ಕೆಲಸ ಮಾಡಿದ ಕೆನೆತ್ ಹೋವರ್ಡ್ 1950ರ ದಶಕದಲ್ಲಿ ಅದರ ಅಂಚಿನ ಎಳೆಗೆರೆಯನ್ನೇ ಕಲೆ ಮಾಡಿದ. ನಮಗೆ ಮಾತ್ರ ಜ್ವಾಲೆ ಹೊಸದಲ್ಲ, ದೇವರ ಪ್ರಭಾವಳಿಯಲ್ಲಿ ದಿನಾ ನೋಡುತ್ತೇವೆ. ಅಲ್ಲಿ ಅದು ಮೇಲಕ್ಕೆ ಏಳುತ್ತದೆ, ಗಾಡಿಯಲ್ಲಿ ಗಾಳಿಗೆ ಹಿಂದಕ್ಕೆ ಬಾಗುತ್ತದೆ. ವ್ಯತ್ಯಾಸ ಅಷ್ಟೇ.

ಬಣ್ಣಕ್ಕಿಂತ ಮೊದಲ ಕೆಲಸ ತೊಳೆಯುವುದು. ಪಾಲಿಶ್ ಅಥವಾ ಎಣ್ಣೆಯ ಪಸೆ ಉಳಿದರೆ ಬಣ್ಣ ಅಲ್ಲಲ್ಲಿ ಹಿಂಜರಿದು ಮೀನಿನ ಕಣ್ಣಿನಂಥ ಕುಳಿಗಳು ಬೀಳುತ್ತವೆ. ಆಮೇಲೆ 600 ಅಥವಾ 800 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಹೊಳಪು ಸಾಯುವವರೆಗೆ ಉಜ್ಜಬೇಕು, ತಗಡು ಕಾಣುವಷ್ಟಲ್ಲ.

ಎರಡೂ ಬದಿಗೆ ಒಂದೇ ಜ್ವಾಲೆ ಬರಬೇಕಲ್ಲ, ಅದಕ್ಕೊಂದು ಉಪಾಯವಿದೆ. ಕಾಗದದ ಮೇಲೆ ಚಿತ್ರ ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಟ್ಯಾಂಕಿಗೆ ಒತ್ತಿ ಹಿಡಿದು, ಸೀಮೆಸುಣ್ಣದ ಪುಡಿ ತುಂಬಿದ ಬಟ್ಟೆಗಂಟಿನಿಂದ ತಟ್ಟುವುದು. ಕಾಗದ ಮಗುಚಿದರೆ ಇನ್ನೊಂದು ಬದಿ ಸಿದ್ಧ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಅತ್ತಿಗೆ, “ನಮ್ಮ ರಂಗೋಲಿ ಅಚ್ಚೇ ಅಲ್ವೇನೋ ಇದು!” ಎಂದರು. ಹೌದು, ಅದೇ.

ಚುಕ್ಕಿ ಹಿಡಿದು ಟೇಪ್ ಅಂಟಿಸುವುದು ಇಡೀ ಕೆಲಸದ ಜೀವ. ಮಾಸ್ಕಿಂಗ್ ಟೇಪ್ ಹುಟ್ಟಿದ್ದೇ ಗಾಡಿ ಪೇಂಟರುಗಳಿಗಾಗಿ. ಕಾರಿಗೆ ಎರಡು ಬಣ್ಣ ಹೊಡೆಸುವ ಖಯಾಲಿ ಬಂದಾಗ ನಡುವಿನ ಗೆರೆ ನೇರ ಬಾರದೆ ಒದ್ದಾಡುತ್ತಿದ್ದವರನ್ನು ಕಂಡು 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಅದನ್ನು ರೂಪಿಸಿದ. ತಿರುವುಗಳಿಗೆ 3 ಮಿ.ಮೀ. ಅಗಲದ ಸಣ್ಣ ಟೇಪ್ ಬೇಕು; ಅಗಲದ್ದು ಬಾಗಿದಲ್ಲಿ ಸುಕ್ಕಾಗಿ, ಸುಕ್ಕಿನಡಿ ಬಣ್ಣ ನುಸುಳುತ್ತದೆ. ಉಳಿದ ಭಾಗಕ್ಕೆ ಹಳೆ ಪತ್ರಿಕೆ, ಎರಡು ಪದರ.

ಬಣ್ಣ ಹೊಡೆಯಲು ಒಂದು ಗೇಣು ದೂರ, ತೆಳು ಪದರ, ಪದರಕ್ಕೂ ಪದರಕ್ಕೂ ಹತ್ತು ಹದಿನೈದು ನಿಮಿಷ ಬಿಡುವು. ತಿಳಿ ಬಣ್ಣ ಮೊದಲು. ಹುಡುಗ ಅಭ್ಯಾಸಕ್ಕೆಂದು ಒಂದು ಹಳೆ ತಗಡಿನ ಮೇಲೆ ಬುಡಕ್ಕೆ ಕೆಂಪು, ತುದಿಗೆ ಹಳದಿ ಹೊಡೆದಿದ್ದ. ಜಗಲಿಯಲ್ಲಿ ಕೂತಿದ್ದ ನೆರೆಮನೆಯ ಅಜ್ಜ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ನಿವೃತ್ತರಾದವರು. “ಬೆಂಕಿ ನೋಡಿಲ್ವೇನೋ? ಬಿಸಿ ಜಾಸ್ತಿ ಇದ್ದಲ್ಲಿ ಬಿಳಿ, ಆರ್ತಾ ಆರ್ತಾ ಕೆಂಪು” ಎಂದು ಗದರಿದರು. ಕಾಯ್ದ ಕಬ್ಬಿಣ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಂಪಗೆ, ಸಾವಿರ ದಾಟಿದರೆ ಕಿತ್ತಳೆ ಹಳದಿಗೆ, 1,300ರಾಚೆ ಬಿಳಿಗೆ ತಿರುಗುತ್ತದೆ. ಟ್ಯಾಂಕಿನ ಮೇಲೂ ಅದೇ ಲೆಕ್ಕ: ಮುಂಭಾಗದ ಬುಡದಲ್ಲಿ ಬಿಳಿ ಬೆರೆತ ಹಳದಿ, ನಡುವೆ ಕಿತ್ತಳೆ, ನಾಲಿಗೆಯ ತುದಿಗೆ ಕೆಂಪು.

ನಮ್ಮ ಮಲೆನಾಡಿನ ಹವೆಯೂ ಈ ಕೆಲಸದ ಪಾಲುದಾರ. ಥಿನ್ನರ್ ಆರುವಾಗ ಟ್ಯಾಂಕಿನ ಮೈ ತಣ್ಣಗಾಗಿ, ಗಾಳಿಯ ತೇವ ಬಣ್ಣದ ಮೇಲೆ ಕೂತು ಬೆಳ್ಳಗೆ ಮಂಕು ಹಿಡಿಯುತ್ತದೆ. ಮಳೆಗಾಲದಲ್ಲಿ ಆಸೆ ಬಿಡಬೇಕು, ಚಳಿಗಾಲದಲ್ಲೂ ಮಂಜು ಪೂರ್ತಿ ಸರಿಯುವವರೆಗೆ ಕಾಯಬೇಕು.

ಮನೆಯಲ್ಲಿ ಮಾಡಬಾರದ್ದೂ ಒಂದಿದೆ. ನಾನು ಹರೆಯದಲ್ಲಿ ಬರೆದ ಜ್ವಾಲೆ ಮೊದಲ ಸಲ ಪೆಟ್ರೋಲ್ ಹಾಕಿಸಿದ ದಿನವೇ ಮುಚ್ಚಳದ ಸುತ್ತ ಕರಗಿ ಇಳಿದಿತ್ತು. ಸಾದಾ ಸ್ಪ್ರೇ ಡಬ್ಬಿಯ ಲ್ಯಾಕರ್ ಪೆಟ್ರೋಲಿಗೆ ನಿಲ್ಲುವುದಿಲ್ಲ. ನಿಲ್ಲುವುದು ಹಾರ್ಡನರ್ ಬೆರೆಸಿ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ, ‘ಟೂ ಕೆ’ ಕ್ಲಿಯರ್. ಆದರೆ ಆ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕ್ಕೆ ಹೋದರೆ ಆಸ್ತಮಾ ತರಬಲ್ಲದು, ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯದು. ಹಾಗಾಗಿ ಜ್ವಾಲೆ ಮನೆಯಲ್ಲಿ ಬರೆದು, ಕೊನೆಯ ಕ್ಲಿಯರ್ ಮಾತ್ರ ಬೂತ್ ಇರುವ ಶಿವಮೊಗ್ಗದ ಪೇಂಟಿಂಗ್ ಶೆಡ್ಡಿನಲ್ಲಿ ಹೊಡೆಸುವುದು ಜಾಣತನ. ಆರ್‌ಸಿಯಲ್ಲಿ ಗಾಡಿಯ ಬಣ್ಣ ದಾಖಲಾಗಿರುತ್ತದೆ. ಮೂಲ ಬಣ್ಣವೇ ಬದಲಾಗುವುದಾದರೆ ಆರ್‌ಟಿಒ ಕಚೇರಿಯಲ್ಲಿ ತಿದ್ದಿಸಬೇಕು.

ಸಂಜೆ ನಾಲ್ಕಾಯಿತು. “ಟೇಪ್ ಕೀಳ್ಲಾ ಚಿಕ್ಕಪ್ಪ?” ಇದು ಐದನೇ ಸಲ. ಹಸಿಯಿದ್ದಾಗ ಕಿತ್ತರೆ ಅಂಚು ಹರಡುತ್ತದೆ, ಪೂರ್ತಿ ಗಟ್ಟಿಯಾದ ಮೇಲೆ ಕಿತ್ತರೆ ಅಂಚು ಸಿಪ್ಪೆಯೇಳುತ್ತದೆ. ಪತ್ರಿಕೆಯ ಮೇಲೆ ಬಿದ್ದ ಬಣ್ಣವನ್ನು ಉಗುರಿನಿಂದ ಮುಟ್ಟಿ ನೋಡಿದೆ. ಅಂಟಲಿಲ್ಲ, ಆದರೆ ಉಗುರಿನ ಗುರುತು ಮೂಡಿತು. “ಈಗ ತೆಗಿ. ಮೇಲಕ್ಕೆ ಎಳೀಬೇಡ ಮಾರಾಯ, ಹಿಂದಕ್ಕೆ ಮಡಚಿಕೊಂಡು ನಿಧಾನಕ್ಕೆ ಬಾ.”

ಟೇಪ್ ಬಂದಲ್ಲೆಲ್ಲ ಕಪ್ಪಿನ ಮೇಲೆ ಹಳದಿಯ ಅಂಚು ಚೂಪಾಗಿ ನಿಂತಿತು. ಒಂದು ತಿರುವಿನಲ್ಲಿ ಮಾತ್ರ ಸುಕ್ಕಿನಡಿ ಸಾಸಿವೆಯಷ್ಟು ಬಣ್ಣ ನುಸುಳಿತ್ತು. ಕುಂಚದಿಂದ ಎಳೆಗೆರೆ ಎಳೆದರೆ ಮುಚ್ಚುತ್ತದೆ ಎಂದೆ. ಹುಡುಗ ಒಪ್ಪಲಿಲ್ಲ. “ಇರಲಿ ಬಿಡಿ. ಸ್ಟಿಕ್ಕರ್ ಅಲ್ಲ ಅಂತ ಗೊತ್ತಾಗಲಿ.”