ಈ ನಷ್ಟ ಯಾವ ಖಾತೆಗೆ?

2015ರಲ್ಲಿ ಗೂಗಲ್ ಸಮೂಹಕ್ಕೆ ಆಲ್ಫಾಬೆಟ್ ಎಂಬ ಮಾತೃಸಂಸ್ಥೆ ಕಟ್ಟಿದಾಗ ಲ್ಯಾರಿ ಪೇಜ್ ಮಾಡಿದ ದೊಡ್ಡ ಕೆಲಸ ಲೆಕ್ಕ ಬೇರ್ಪಡಿಸಿದ್ದು. ಚಾಲಕರಿಲ್ಲದ ಕಾರು, ಇಂಟರ್‌ನೆಟ್ ಹಂಚುವ ಬಲೂನು, ಮುಪ್ಪಿನ ಸಂಶೋಧನೆ ಎಲ್ಲವೂ ‘ಅದರ್ ಬೆಟ್ಸ್’ ಎಂಬ ಒಂದೇ ಸಾಲಿಗೆ ಬಂದವು. ಜಾಹೀರಾತಿನ ಲಾಭದಲ್ಲಿ ಮುಚ್ಚಿಹೋಗುತ್ತಿದ್ದ ನಷ್ಟ ಷೇರುದಾರರ ಕಣ್ಣಿಗೆ ಬಿತ್ತು: ಆ ವರ್ಷ ಆದಾಯ 45 ಕೋಟಿ ಡಾಲರ್, ನಷ್ಟ 357 ಕೋಟಿ.

2019ರ ಹೊತ್ತಿಗೆ ಆದಾಯ 66 ಕೋಟಿ, ನಷ್ಟ 482 ಕೋಟಿ. ಒಂದು ಡಾಲರ್ ದುಡಿಯಲು ಎಂಟಕ್ಕೂ ಹೆಚ್ಚು ಡಾಲರ್ ಖರ್ಚು! ಆದರೂ ಆ ನಷ್ಟ ಸಮೂಹದ 16,186 ಕೋಟಿ ಡಾಲರ್ ವರಮಾನದ ಶೇ 3 ಮಾತ್ರ. ಆ ಡಿಸೆಂಬರ್‌ನಲ್ಲಿ ಆಲ್ಫಾಬೆಟ್ ಸಿಇಒ ಸ್ಥಾನದಿಂದ ಪೇಜ್ ಕೆಳಗಿಳಿದರು, ಸುಂದರ್ ಪಿಚೈ ಬಂದರು. 2020ರ ಫೆಬ್ರುವರಿಯಲ್ಲಿ ಗಾಳಿಪಟದಿಂದ ವಿದ್ಯುತ್ ತೆಗೆಯುವ ಮಕಾನಿಯನ್ನು, ಮರುವರ್ಷದ ಜನವರಿಯಲ್ಲಿ ಬಲೂನಿನ ಲೂನ್ ಅನ್ನು ಆಲ್ಫಾಬೆಟ್ ಕೈಬಿಟ್ಟಿತು. ಕಾರಿನ ವೇಮೊ ಮಾತ್ರ 2020ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ ಹೊರಗಿನವರನ್ನೂ ಸೇರಿಸಿಕೊಂಡು 225 ಕೋಟಿ ಡಾಲರ್ ಎತ್ತಿತು. ದುಡ್ಡಿಗಿಂತ ಮುಖ್ಯವಾದದ್ದು, ಇನ್ನು ಪ್ರಶ್ನೆ ಕೇಳುವವರು ಮನೆಯವರಷ್ಟೇ ಅಲ್ಲ.

ಬಾಗಿಲು ಮುಚ್ಚಿದ್ದರಿಂದ ನಷ್ಟ ಇಳಿಯಿತೇ? ಹೆಚ್ಚು ಕಾಲವಲ್ಲ. 2020ರಲ್ಲಿ ತುಸು ಇಳಿದು 448 ಕೋಟಿ, ಮತ್ತೆ ಏರಿ 2021ರಲ್ಲಿ 528, 2022ರಲ್ಲಿ 608.

ಇಳಿದದ್ದು ಬೇರೆ ದಾರಿಯಲ್ಲಿ. 2023ರಲ್ಲಿ ಕೃತಕ ಬುದ್ಧಿಮತ್ತೆಯ ಡೀಪ್‌ಮೈಂಡ್ ಅನ್ನು ಈ ಸಾಲಿನಿಂದ ತೆಗೆದು ಸಮೂಹದ ಸಾಮಾನ್ಯ ಖರ್ಚಿಗೆ ಸೇರಿಸಲಾಯಿತು. ಹೊಸ ವಿಂಗಡಣೆಯಲ್ಲಿ 2022ರ ನಷ್ಟ 464 ಕೋಟಿ! ಖರ್ಚೇನೂ ಉಳಿಯಲಿಲ್ಲ, ಮನೆ ಬದಲಾಯಿಸಿತು. 2018ರಲ್ಲೂ ಹೀಗೇ ಆಗಿತ್ತು: ಮನೆಬಳಕೆಯ ಸ್ಮಾರ್ಟ್ ಉಪಕರಣಗಳ ನೆಸ್ಟ್ ಗೂಗಲ್‌ಗೆ ಮರಳಿದಾಗ, ಈ ಸಾಲಿನ 2017ರ ಆದಾಯ 120 ಕೋಟಿಯಿಂದ 48 ಕೋಟಿಗೆ ಕುಸಿಯಿತು. ಅಂದರೆ ಕೈಗೆ ಬಂದ ಪ್ರಯೋಗ ಮುಖ್ಯ ವ್ಯವಹಾರಕ್ಕೆ ಹೋಗುತ್ತದೆ, ‘ಬೆಟ್ಸ್’ ಖಾತೆಯಲ್ಲಿ ಉಳಿಯುವುದು ಇನ್ನೂ ಹಣ್ಣಾಗದ್ದು. ಈ ಸಾಲನ್ನಷ್ಟೇ ಓದಿ ಸೋಲು-ಗೆಲುವು ಹೇಳುವ ವಿಶ್ಲೇಷಕರು ಇದನ್ನು ಮರೆಯುತ್ತಾರೆ.

2024ರ ಲೆಕ್ಕ: ಆದಾಯ 165 ಕೋಟಿ, ನಷ್ಟ 444 ಕೋಟಿ. ಸಮೂಹದ ವರಮಾನ 35,000 ಕೋಟಿ ಮುಟ್ಟಿದ್ದರಿಂದ ನಷ್ಟದ ಪಾಲು ಶೇ 1.3ಕ್ಕೆ ಇಳಿಯಿತು. ಅದೇ ವರ್ಷದ ಜುಲೈನಲ್ಲಿ ಆಲ್ಫಾಬೆಟ್ ವೇಮೊ ಒಂದಕ್ಕೇ ಹಲವು ವರ್ಷಗಳಲ್ಲಿ 500 ಕೋಟಿ ಡಾಲರ್‌ವರೆಗೆ ಕೊಡುವುದಾಗಿ ಘೋಷಿಸಿತು.