ಪ್ರಯೋಗಾಲಯದಲ್ಲಿ ಹೊನ್ನೆ

ಹೊನ್ನೆ ಮರದ ಚೇಗಿನಲ್ಲಿ ಕಡೆದ ಲೋಟಕ್ಕೆ ರಾತ್ರಿ ನೀರು ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಕಂದುಬಣ್ಣಕ್ಕೆ ತಿರುಗಿರುತ್ತದೆ. ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ತೆಳುನೀಲಿ ಹೊಳಪು. ಸಕ್ಕರೆ ಕಾಯಿಲೆಯವರು ಇದನ್ನು ಬರಿಹೊಟ್ಟೆಯಲ್ಲಿ ಕುಡಿಯುವುದು ಹೊಸದೇನಲ್ಲ. ಆ ನೀರಿಗೆ ಇಳಿದದ್ದೇನು, ಅದು ಮಾಡುವ ಕೆಲಸವೇನು ಎಂದು ಪಟ್ಟು ಹಿಡಿದು ಕೇಳುವವರು ಮಾತ್ರ ಪ್ರಯೋಗಾಲಯದಲ್ಲಿದ್ದಾರೆ.

ಉದ್ದನೆಯ ಕಪ್ಪುಕಲ್ಲಿನ ಮೇಜು. ಅದರ ಒಂದು ತುದಿಯಲ್ಲಿ ಸಾಕ್ಸ್‌ಲೆಟ್ ಉಪಕರಣ. ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿದ ಚೇಗನ್ನು ದಪ್ಪ ಕಾಗದದ ಕೊಳವೆಗೆ ತುಂಬಿ ಒಳಗಿಳಿಸಿದ್ದಾರೆ. ಕೆಳಗಿನ ಬುಡ್ಡಿಯಲ್ಲಿ ಮೆಥನಾಲ್ ಕುದಿದು ಆವಿಯಾಗಿ ಮೇಲೇರುತ್ತದೆ, ಕಂಡೆನ್ಸರ್‌ನ ತಂಪಿಗೆ ಹನಿಗಟ್ಟಿ ಪುಡಿಯ ಮೇಲೆ ತೊಟ್ಟಿಕ್ಕುತ್ತದೆ. ಮೇಲಿನ ಪಾತ್ರೆ ತುಂಬಿದೊಡನೆ ಸೈಫನ್ ಎಳೆದುಕೊಂಡು ಎಲ್ಲವೂ ಗಳಗಳನೆ ಬುಡ್ಡಿಗಿಳಿಯುತ್ತದೆ. ಮತ್ತೆ ಕುದಿ, ಮತ್ತೆ ಹನಿ. ಇಳಿಯುವ ದ್ರವ ತಿಳಿಯಾಗುವ ತನಕ ಗಂಟೆಗಟ್ಟಲೆ ಇದೇ. ಕೊನೆಗೆ ಮೆಥನಾಲನ್ನು ಆವಿ ಮಾಡಿ ತೆಗೆದರೆ ತಳದಲ್ಲಿ ಉಳಿಯುವುದು ಜೋನಿಬೆಲ್ಲದಂಥ ಕೆಂಗಂದು ಅಂಟು. ಲೋಟದಲ್ಲಿ ಬರಿನೀರಿಗೆ ಇಳಿಯುವುದು ಬೇರೆ, ಮೆಥನಾಲ್‌ಗೆ ಇಳಿಯುವುದು ಬೇರೆ. ಹಾಗಾಗಿ ನೀರಿನ ಸಾರವನ್ನೂ ಬೇರೆಯಾಗಿ ತೆಗೆದಿಟ್ಟಿದ್ದಾರೆ.

ಮೊದಲು ಆಂಟಿ ಆಕ್ಸಿಡೆಂಟ್ ಪರೀಕ್ಷೆ. ಡಿಪಿಪಿಎಚ್ ದ್ರಾವಣದ ಬಣ್ಣ ಕಡುನೇರಳೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಈ ಅಣುವಿಗೆ ಸಾರದಿಂದ ಹೈಡ್ರೋಜನ್ ಸಿಕ್ಕಿದರೆ ನೇರಳೆ ಮಾಸಿ ಹಳದಿಯಾಗುತ್ತದೆ. 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಪ್ರಕಟಿಸಿದ ಈ ವಿಧಾನ ಇವತ್ತಿಗೂ ಚಾಲ್ತಿಯಲ್ಲಿದೆ. ಅರ್ಧ ಗಂಟೆ ಕತ್ತಲಲ್ಲಿಟ್ಟಿದ್ದ ಟ್ಯೂಬ್‌ಗಳನ್ನು ಹೊರತೆಗೆದ ವಿದ್ಯಾರ್ಥಿನಿಯ ಮುಖ ಅರಳಿತು.

“ಮೇಡಂ, ನೇರಳೆ ಪೂರ್ತಿ ಹೋಯ್ತು!”

“ಬ್ಲ್ಯಾಂಕ್ ಇಟ್ಟಿದ್ದೀಯೇನಮ್ಮಾ? ಎಕ್ಸ್‌ಟ್ರಾಕ್ಟ್‌ಗೇ ಬಣ್ಣ ಇದೆಯಲ್ಲ.”

ಇಟ್ಟಿದ್ದಳು. ಡಿಪಿಪಿಎಚ್ ಇಲ್ಲದ, ಬರೀ ಸಾರದ ಟ್ಯೂಬ್. 517 ನ್ಯಾನೊಮೀಟರಿನಲ್ಲಿ ಅದರ ಅಂಕಿಯನ್ನೂ ಓದಿ ಕಳೆಯಬೇಕು. ಹೋಲಿಕೆಗೆ ವಿಟಮಿನ್ ಸಿ ಸಾಲೊಂದು.

ಎರಡನೆಯ ಪರೀಕ್ಷೆಯಲ್ಲಿ ಬಣ್ಣ ಏರಬಾರದು. ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಆಲ್ಫಾ ಅಮೈಲೇಸ್ ಕಿಣ್ವದ ಜೊತೆ ಸಾರವನ್ನು ಬೆರೆಸಿ, ಪಿಷ್ಟ ಕೊಟ್ಟು, ಆಮೇಲೆ ಡಿಎನ್‌ಎಸ್ ಎಂಬ ರಾಸಾಯನಿಕ ಹಾಕಿ ಕುದಿನೀರಿನಲ್ಲಿ ನಿಲ್ಲಿಸುತ್ತಾರೆ. ಸಕ್ಕರೆ ಹುಟ್ಟಿದ ಟ್ಯೂಬ್ ಕಿತ್ತಳೆಗೆಂಪಾಗುತ್ತದೆ, ಕಿಣ್ವ ಸೋತಲ್ಲಿ ಹಳದಿಯೇ ಉಳಿಯುತ್ತದೆ. ಇಲ್ಲಿ ಹೋಲಿಕೆಗೆ ಇಟ್ಟದ್ದು ವೈದ್ಯರು ಬರೆದುಕೊಡುವ ಅಕಾರ್ಬೋಸ್. ಹೊನ್ನೆಯ ಟ್ಯೂಬ್ ಹಳದಿಯಾಗಿ ಉಳಿದರೂ ಹಿಗ್ಗುವಂತಿಲ್ಲ. ಹೊನ್ನೆಯಲ್ಲಿ ಒಗರು ಕೊಡುವ ಟ್ಯಾನಿನ್ ಇದೆ. ಅದು ಸಿಕ್ಕಿದ ಪ್ರೋಟೀನನ್ನೆಲ್ಲ ಹಿಡಿದುಕೊಳ್ಳುತ್ತದೆ. ಕಿಣ್ವವೂ ಪ್ರೋಟೀನೇ. ತಡೆದದ್ದು ಔಷಧದ ಗುಣವೋ, ಬರೀ ಒಗರೋ ಎಂದು ಬಿಡಿಸಿ ನೋಡದೆ ಬರೆದ ವರದಿಯನ್ನು ನಾನು ನಂಬಲಾರೆ.

ಟ್ಯೂಬಿನಾಚೆಗೂ ಹೊನ್ನೆ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸದಾಗಿ ಮಧುಮೇಹ ಪತ್ತೆಯಾದವರಿಗೆ ಇದನ್ನು ಕೊಟ್ಟು ನೋಡಿ, 1998ರಲ್ಲಿ ಫಲಿತಾಂಶ ಪ್ರಕಟಿಸಿತು. 12 ವಾರಗಳಲ್ಲಿ 97 ಮಂದಿಯ ಪೈಕಿ 67 ಮಂದಿಯ ಸಕ್ಕರೆ ಹತೋಟಿಗೆ ಬಂದಿತ್ತು. ಭರವಸೆ ಹುಟ್ಟಿಸುವ ಲೆಕ್ಕ. ಆದರೆ ಅದು ಕೊಟ್ಟದ್ದೇನೆಂದು ರೋಗಿಗೂ ವೈದ್ಯರಿಗೂ ಗೊತ್ತಿದ್ದ ಮುಕ್ತ ಪ್ರಯೋಗ, ರೋಗ ಆಗಷ್ಟೇ ಗೊತ್ತಾದವರ ಮೇಲೆ ಮಾಡಿದ್ದು. ವರ್ಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರು ಅದನ್ನು ಬಿಟ್ಟು ಲೋಟ ಹಿಡಿದರೆ ಜೀವಕ್ಕೇ ಕುತ್ತು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಮರದ ಪಾಡನ್ನೂ ಹೇಳಬೇಕು. ಕಚ್ಚು ಹಾಕಿದರೆ ನೆತ್ತರಿನಂಥ ಅಂಟು ಸುರಿಸುವ ಈ ಮರದ ಚೇಗು ಬೇಕೆಂದರೆ ಮರವನ್ನೇ ಉರುಳಿಸಬೇಕು, ಮರ ಚೇಗು ಕಟ್ಟಲು ದಶಕಗಳು ಬೇಕು. ಎಲೆಯಲ್ಲೂ ಆ ಗುಣ ಇದ್ದೀತೇ? ವಿದ್ಯಾರ್ಥಿನಿ ನೋಟ್‌ಬುಕ್ಕಿನ ಹೊಸ ಪುಟಕ್ಕೆ ಗೆರೆ ಎಳೆದು ಮೂರು ಕಾಲಂ ಮಾಡಿದ್ದಾಳೆ: ಚೇಗು, ತೊಗಟೆ, ಎಲೆ.