ಗೊರಕೆ ಬರುವುದು ಎಲ್ಲಿಂದ?

ಗೊರಕೆ ಹೊಡೆಯುವವರನ್ನು ಕಂಡರೆ ‘ಪುಣ್ಯವಂತ, ಎಂಥ ನಿದ್ದೆ!’ ಎನ್ನುತ್ತೇವೆ. ಆದರೆ ಗೊರಕೆ ಸುಖನಿದ್ದೆಯ ಗುರುತಲ್ಲ. ಅದು ಉಸಿರು ಇಕ್ಕಟ್ಟಿನಲ್ಲಿ ನುಸುಳುವಾಗ ಏಳುವ ಸದ್ದು.

ಈ ಸದ್ದು ಹೆಚ್ಚಾಗಿ ಹುಟ್ಟುವುದು ಮೂಗಿನಲ್ಲಲ್ಲ, ಗಂಟಲಲ್ಲಿ. ಅಂಗುಳಿನ ಹಿಂಭಾಗ ಮೆತ್ತಗಿರುತ್ತದೆ. ಅದರ ತುದಿಗೆ ಕಿರುನಾಲಿಗೆ ಜೋತುಬಿದ್ದಿರುತ್ತದೆ. ಎಚ್ಚರವಿರುವಾಗ ಸ್ನಾಯುಗಳು ಇವನ್ನು ಬಿಗಿಯಾಗಿ ಹಿಡಿದಿರುತ್ತವೆ. ನಿದ್ದೆ ಹತ್ತಿದ ಮೇಲೆ ಹಿಡಿತ ಸಡಿಲುತ್ತದೆ, ನಾಲಿಗೆಯ ಬುಡವೂ ಹಿಂದಕ್ಕೆ ಸರಿಯುತ್ತದೆ. ದಾರಿ ಕಿರಿದಾದಂತೆ ಗಾಳಿಯ ರಭಸ ಹೆಚ್ಚುತ್ತದೆ. ಹಗ್ಗ ಸಡಿಲಾದ ಟಾರ್ಪಾಲು ಪಟಪಟ ಬಡಿದುಕೊಳ್ಳುವಂತೆ ಆ ಮೆತ್ತನೆಯ ಭಾಗಗಳು ಅದುರತೊಡಗುತ್ತವೆ.

ದಾರಿ ಕಿರಿದಾಗಲು ಕಾರಣ ಹಲವು. ಕುತ್ತಿಗೆಯ ಸುತ್ತ ಸೇರಿದ ಕೊಬ್ಬು ಗಂಟಲನ್ನು ಒತ್ತುತ್ತದೆ. ಮದ್ಯ, ಕೆಲವು ನಿದ್ದೆ ಮಾತ್ರೆಗಳು ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಬೀಳುವುದು ಸುಲಭ. ‘ನಾನು ಸಣಕಲು, ನನಗೇಕೆ ಗೊರಕೆ?’ ಎನ್ನುವಿರಾ? ಚಿಕ್ಕ ದವಡೆ, ಮೂಗಿನ ಒಳಗೋಡೆಯ ಸೊಟ್ಟ, ಅಲರ್ಜಿಯಿಂದ ಕಟ್ಟಿದ ಮೂಗು, ಇವಿಷ್ಟೇ ಸಾಕು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಗೊರಕೆ ಹೆಚ್ಚುತ್ತದೆ. ಮಕ್ಕಳಲ್ಲಿ ಮುಖ್ಯ ಕಾರಣ ಊದಿದ ಟಾನ್ಸಿಲ್ ಮತ್ತು ಅಡಿನಾಯ್ಡ್, ಅಂದರೆ ಮೂಗಿನ ಹಿಂದಿರುವ ಗ್ರಂಥಿ. ಮಗು ದಿನವೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ದಯವಿಟ್ಟು ಮುದ್ದು ಎಂದು ಸುಮ್ಮನಿರಬೇಡಿ.

ನನಗೆ ಸದ್ದಿಗಿಂತ ಹೆಚ್ಚು ಭಯ ನಡುವಿನ ಮೌನದ್ದು. ಗೊರಕೆ ತಟ್ಟನೆ ನಿಂತು, ಆಮೇಲೆ ಉಸಿರುಗಟ್ಟಿದವರಂತೆ ಏದುತ್ತಾ ಮತ್ತೆ ಶುರುವಾದರೆ ಅದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರಬಹುದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಮತ್ತೆ ಮತ್ತೆ ಎಚ್ಚರಗೊಳ್ಳುತ್ತದೆ. ಬಿ.ಪಿ. ಏರುತ್ತದೆ, ಹಗಲಲ್ಲಿ ತೂಕಡಿಕೆ ಬರುತ್ತದೆ. ವಾಹನ ಓಡಿಸುವವರಿಗಂತೂ ಇದು ಜೀವದ ಪ್ರಶ್ನೆ. ಮಲಗಿದವರಿಗೆ ಇದರ ಅರಿವೇ ಇರುವುದಿಲ್ಲ. ಪಕ್ಕದಲ್ಲಿರುವವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಿವಿ-ಮೂಗು-ಗಂಟಲು ವೈದ್ಯರಿಗೋ ಶ್ವಾಸಕೋಶ ತಜ್ಞರಿಗೋ ಕೇಳಿಸಲಿ.

ಅವರು ಸ್ಲೀಪ್ ಸ್ಟಡಿ, ಅಂದರೆ ರಾತ್ರಿಯಿಡೀ ನಿದ್ದೆಯನ್ನು ಅಳೆಯುವ ಪರೀಕ್ಷೆ ಹೇಳಬಹುದು. ನೋವಿಲ್ಲ, ಮೈಮೇಲೆ ತಂತಿಗಳನ್ನು ಅಂಟಿಸುತ್ತಾರೆ ಅಷ್ಟೆ. ಕನಿಷ್ಠ 10 ಸೆಕೆಂಡು ಉಸಿರು ನಿಂತದ್ದನ್ನು, ತಗ್ಗಿದ್ದನ್ನು ಎಣಿಸುತ್ತಾರೆ. ದೊಡ್ಡವರಲ್ಲಿ ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸಹಜ, 30 ದಾಟಿದರೆ ತೀವ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಹಲವು ಖಾಸಗಿ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ನಡೆಯುತ್ತದೆ. ಖಾಸಗಿಯಲ್ಲಿ ಹಲವು ಸಾವಿರ ರೂಪಾಯಿ ತಗಲುತ್ತದೆ. ಕೆಲವರಿಗೆ ಮನೆಯಲ್ಲೇ ಮಾಡುವ ಚಿಕ್ಕ ಪರೀಕ್ಷೆ ಸಾಕಾಗುತ್ತದೆ.

ಬರೀ ಗೊರಕೆಯಾದರೆ ತೂಕ ಇಳಿಸಿ, ಮಗ್ಗುಲಾಗಿ ಮಲಗಿ, ಕುಡಿತ ಬಿಡಿ. ಆಪ್ನಿಯಾ ಹೆಚ್ಚಿದ್ದರೆ ಸಿಪ್ಯಾಪ್ ಬೇಕಾಗುತ್ತದೆ. ಇದು ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲನ್ನು ತೆರೆದಿಡುವ ಯಂತ್ರ. 1981ರಲ್ಲಿ ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲಿವನ್ ಈ ಚಿಕಿತ್ಸೆಯನ್ನು ಮೊದಲು ವರದಿ ಮಾಡಿದರು. ಹಾಕಿಕೊಂಡಷ್ಟು ಹೊತ್ತು ಮಾತ್ರ ಇದರ ಪ್ರಯೋಜನ. ಬೆಲೆ ಹತ್ತಾರು ಸಾವಿರ. ಬಾಡಿಗೆಗೂ ಸಿಗುತ್ತದೆ, ಆದ್ದರಿಂದ ಮೊದಲು ಒಂದು ತಿಂಗಳು ಬಳಸಿ ನೋಡಿ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರದೆ ಗಾಳಿ ಸೋರಿದರೆ ಯಂತ್ರವನ್ನು ಮೂಲೆಗಿಡಬೇಡಿ, ಬೇರೆ ಅಳತೆಯ ಮಾಸ್ಕ್ ಕೇಳಿ ಪಡೆಯಿರಿ.